ಮೂರು ಜಿಲ್ಲೆಗೆ ಒಬ್ಬಳು ವಿಷಕ್ಕ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ವಿಷಕ್ಕ ಎನ್ನುತ್ತಿದ್ದರು. ಮೊದಲು ಹಾಗೆ ಕರೆದವನು ಆಂಬುಲೆನ್ಸ್ ಡ್ರೈವರ್, ಅದೂ ತಮಾಷೆಗೆ. ಆಮೇಲೆ ನರ್ಸುಗಳು, ಅವರ ಹಿಂದೆ ಡಾಕ್ಟರುಗಳು, ಕೊನೆಗೆ ಸಂಬಳದ ಚೀಟಿ ಕೊಡುವ ಗುಮಾಸ್ತ ಕೂಡ. ಅವಳಿಗೆ ಬೇಜಾರಿರಲಿಲ್ಲ. "ಹೆಸರಲ್ಲಿ ವಿಷ ಇದ್ರೆ ಇರಲಿ ಬಿಡಿ, ನಾಲಿಗೇಲಿ ಇಲ್ದಿದ್ರೆ ಸಾಕು" ಎಂದು ನಗುತ್ತಿದ್ದಳು. ಇಸ್ಕೂಲಿನಲ್ಲಿ ಟೀಚರು ಅವಳ ಮಗಳನ್ನು "ನಿಮ್ಮಮ್ಮ ಏನ್ ಮಾಡ್ತಾರೆ?" ಎಂದು ಕೇಳಿದಾಗ ಮಗಳು "ವಿಷದ ಕೆಲಸ ಮಾಡ್ತಾರೆ" ಎಂದು ಬಿಟ್ಟಿದ್ದಳು. ಅದನ್ನು ವಿವರಿಸಿ ಬರಲು ಗಂಡ ಅರ್ಧ ದಿನ ರಜೆ ಹಾಕಬೇಕಾಯಿತು.

ನಿಜವಾಗಿ ಅವಳು ಫಾರ್ಮಸಿಸ್ಟ್. ಎಂಟು ವರ್ಷದ ಹಿಂದೆ ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ ನಿಂತು ಮಾತ್ರೆ ಎಣಿಸಿ ಕೊಡುತ್ತಿದ್ದಳು. ಒಂದು ಬೆಳಿಗ್ಗೆ ಯಾರೋ ಹೆಂಗಸು ಆ ಕಿಟಕಿಯ ನಂಬರಿಗೆ ಫೋನ್ ಮಾಡಿ, ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಗು ನುಂಗಿದೆ, ಆಡಿಕೊಂಡೇ ಇದೆ, ಸುಮ್ಮನಿರಬಹುದಾ ಎಂದು ಕೇಳಿದಳು. ಇವಳು ಎದುರಿನ ಸಾಲನ್ನು ಹಾಗೇ ನಿಲ್ಲಿಸಿ, ದಪ್ಪ ಪುಸ್ತಕ ತೆಗೆದು ನೋಡಿ, "ಸುಮ್ನಿರಬೇಡಿ. ಸಕ್ಕರೆ ನೀರು ಕುಡಿಸ್ತಾ ಈಗ್ಲೇ ಹೊರಟು ಬನ್ನಿ" ಎಂದಳು. ದಾರಿಯಲ್ಲೇ ಮಗು ತೂಕಡಿಸಲು ಶುರುಮಾಡಿತ್ತಂತೆ. ಬದುಕಿತು. ಆ ತಾಯಿ ಹತ್ತು ಜನಕ್ಕೆ ಹೇಳಿದಳು, ಹತ್ತು ಜನ ನೂರು ಜನಕ್ಕೆ. ಔಷಧದ ಕಿಟಕಿಯ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳತೊಡಗಿದಾಗ ಆಸ್ಪತ್ರೆಯ ಸೂಪರಿಂಟೆಂಡೆಂಟು ಅವಳಿಗೊಂದು ಕೋಣೆ ಕೊಟ್ಟರು. ಬಟ್ಟೆ ಒಗೆಯುವ ವಿಭಾಗಕ್ಕೆ ಅಂಟಿಕೊಂಡ ಕೋಣೆ. ಗೋಡೆಯಾಚೆ ದೊಡ್ಡ ಯಂತ್ರಗಳು ಗಡಗಡ ಎನ್ನುತ್ತಿದ್ದವು, ಕಿಟಕಿ ತೆರೆದರೆ ಸೋಪಿನ ಹಬೆ ಒಳಗೆ ಬರುತ್ತಿತ್ತು. ಒಂದು ಮೇಜು, ಒಂದು ಫೋನು, ಕಬ್ಬಿಣದ ಕಪಾಟಿನಲ್ಲಿ ಆರೇಳು ಪುಸ್ತಕ, ಷೂ ಡಬ್ಬಿಗಳಲ್ಲಿ ಕಾರ್ಡುಗಳು. ಒಂದು ಕರೆಗೆ ಒಂದು ಕಾರ್ಡು.

ಎಂತೆಂಥ ಕರೆಗಳು. ಮಗು ಸೀಮೆಎಣ್ಣೆ ಕುಡಿದಿದೆ, ವಾಂತಿ ಮಾಡಿಸಲಾ? ಬೇಡ, ಖಂಡಿತ ಬೇಡ, ಎತ್ತಿಕೊಂಡು ಹೊರಡಿ. ಮಗ ಪೆನ್ಸಿಲಿನ ತುದಿ ತಿಂದಿದ್ದಾನೆ, ಸೀಸ ಅಲ್ವಾ ಅದು? ಅಲ್ಲ, ಹೆಸರಿಗೆ ಸೀಸ, ಏನೂ ಆಗಲ್ಲ. ಕಿವಿಗೆ ಹಾಕುವ ಹನಿಯನ್ನು ಕಣ್ಣಿಗೆ ಹಾಕಿಕೊಂಡೆ. ನಲ್ಲಿ ಕೆಳಗೆ ಹದಿನೈದು ನಿಮಿಷ ಕಣ್ಣು ಹಿಡೀರಿ, ನಾನು ಫೋನಲ್ಲೇ ಇರ್ತೀನಿ. ಒಮ್ಮೆ ಒಬ್ಬ ಗಂಡಸು ಪಿಸುಮಾತಿನಲ್ಲಿ, ತಲೆನೋವಿನ ಮಾತ್ರೆ ಎಂದುಕೊಂಡು ಹೆಂಡತಿಯ ಗರ್ಭನಿರೋಧಕ ಮಾತ್ರೆ ನುಂಗಿಬಿಟ್ಟೆ ಎಂದ. ಅವಳು ಗಂಭೀರವಾಗಿ, "ಹೆದರಬೇಡಿ. ಈ ತಿಂಗಳು ನೀವು ಬಸುರಾಗಲ್ಲ ಅಷ್ಟೇ" ಎಂದಳು. ಆತ ನಕ್ಕದ್ದು ಗೋಡೆಯಾಚೆ ಬಟ್ಟೆ ಮಡಚುವವರಿಗೂ ಕೇಳಿಸಿತಂತೆ. ಸಂಜೆ ಆರಾದ ಮೇಲೆ ಅದೇ ನಂಬರಿನ ಕರೆಗಳು ಅವಳ ಮನೆಯ ಫೋನಿಗೆ ಬರುತ್ತಿದ್ದವು.

ಹೀಗಿರುವಾಗ ಸೂಪರಿಂಟೆಂಡೆಂಟು ಒಂದು ದಿನ ಅವಳನ್ನು ಕರೆಸಿದರು. ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳುವ ಮುಂಚೆ ಕನ್ನಡಕ ತೆಗೆದು ಒರೆಸುವ ಅಭ್ಯಾಸ ಅವರಿಗಿತ್ತು.

"ಕೂತ್ಕೊಳ್ಳಮ್ಮ. ಮುಂದಿನ ವರ್ಷದ ಖರ್ಚಿನ ಪಟ್ಟಿಯಿಂದ ನಿಮ್ಮ ಕೋಣೇನ ತೆಗೆದುಬಿಟ್ಟಿದ್ದಾರೆ. ಹತ್ತು ಕರೇಲಿ ಆರು ನಮ್ಮ ಜಿಲ್ಲೇದೇ ಅಲ್ಲ, ಬೆಟ್ಟದ ಜಿಲ್ಲೇದು, ಬಂದರಿನ ಜಿಲ್ಲೇದು. ಅವರ ಮಕ್ಕಳಿಗೆ ನಾವ್ಯಾಕೆ ಖರ್ಚು ಮಾಡ್ಬೇಕು ಅಂತ ಮೇಲಿನೋರು ಕೇಳ್ತಿದ್ದಾರೆ."

"ಹಾಗಾದ್ರೆ ಸಾರ್, ಮಗು ಏನು ಕುಡೀತು ಅನ್ನೋದಕ್ಕಿಂತ ಮುಂಚೆ ನಿಮ್ಮ ಜಿಲ್ಲೆ ಯಾವುದು ಅಂತ ಕೇಳ್ಲಾ?"

"ನಾನು ಹಾಗಂದಿಲ್ಲ." ಅವರು ಕನ್ನಡಕ ಹಾಕಿಕೊಂಡರು. "ಇನ್ನು ಮೂರು ತಿಂಗಳಿಗೆ ಮೂರೂ ಜಿಲ್ಲೆಯ ಆರೋಗ್ಯ ಸಮಿತಿಗಳು ಒಟ್ಟಿಗೆ ಸೇರ್ತವೆ. ಅರ್ಧ ಗಂಟೆ ನಿಮಗೆ ಕೊಡಿಸ್ತೀನಿ. ಮೂವರೂ ಸೇರಿ ನಡೆಸೋ ಹಾಗೆ ಒಪ್ಪಿಸಿ. ಬರೀ ಒಳ್ಳೇ ಕೆಲಸ, ಪುಣ್ಯದ ಕೆಲಸ ಅಂದ್ರೆ ಯಾರೂ ಕೇಳಲ್ಲ. ನೀವಿಲ್ದಿದ್ರೆ ಏನಾಗ್ತಿತ್ತು, ಅದನ್ನ ಆಧಾರ ಸಮೇತ ಹೇಳಿ."

ಅವಳು ಮನೆಗೆ ನಡೆದು ಹೋಗುತ್ತಾ ಅದನ್ನೇ ಯೋಚಿಸಿದಳು. ಆಗದೇ ಹೋದದ್ದಕ್ಕೆ ಆಧಾರ ಎಲ್ಲಿಂದ ತರುವುದು? ಬಿದ್ದ ಮರವನ್ನು ತೋರಿಸಬಹುದು, ಬೀಳದೆ ಉಳಿದದ್ದನ್ನು ತೋರಿಸಿದರೆ "ಮರ ತಾನೇ, ನಿಂತಿದೆ" ಎನ್ನುತ್ತಾರೆ.

ಮನೆಯಲ್ಲಿ ಅತ್ತೆ ಕಿಟಕಿಯ ಹತ್ತಿರ ಕೂತು ಮೊಮ್ಮಗಳ ಸ್ಕರ್ಟಿಗೆ ಗುಂಡಿ ಹಾಕುತ್ತಿದ್ದರು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಆಪರೇಟರ್ ಆಗಿದ್ದವರು. ನಿವೃತ್ತರಾಗಿ ಹನ್ನೊಂದು ವರ್ಷವಾದರೂ ಅವರ ದನಿಯಲ್ಲಿ ಒಂದು ಇಸ್ತ್ರಿ ಹಾಕಿದ ಶುಚಿ ಉಳಿದಿತ್ತು. "ಹಲೋ" ಎನ್ನುವ ರೀತಿಯಲ್ಲೇ ಆ ಕಡೆಯವರು ಸಾಲಗಾರರೋ, ಹೊಸದಾಗಿ ಮದುವೆಯಾದವರೋ ಎಂದು ಹೇಳಬಲ್ಲೆ ಎನ್ನುತ್ತಿದ್ದರು. ಅತ್ತೆ ಸೊಸೆಗೆ ಜಗಳ ಬರುತ್ತಿದ್ದದ್ದು ಎರಡೇ ವಿಷಯಕ್ಕೆ: ಡಬ್ಬಿಗಳ ಮುಚ್ಚಳ ಸರಿಯಾಗಿ ಹಾಕದ್ದಕ್ಕೆ, ಮತ್ತು ಸೊಸೆ ಊಟದ ನಡುವೆ ಎದ್ದು ಫೋನ್ ತೆಗೆದುಕೊಳ್ಳುವುದಕ್ಕೆ.

ವಿಷಯವೆಲ್ಲ ಕೇಳಿ ಅತ್ತೆ ದಾರ ಕಚ್ಚಿ ಕತ್ತರಿಸಿದರು.

"ಅದಿರಲಿ. ಫೋನ್ ಮಾಡಿದೋರು ಆಮೇಲೆ ಏನಾದ್ರು?"

"ಅಂದ್ರೆ?"

"ಮಗು ಸೀಮೆಎಣ್ಣೆ ಕುಡೀತು, ನೀನು ಆಸ್ಪತ್ರೆಗೆ ಹೋಗಿ ಅಂದೆ. ಹೋದ್ರಾ? ಮಗು ಹೇಗಿದೆ?"

"ಎಷ್ಟೋ ಜನರದ್ದು ಗೊತ್ತಿಲ್ಲ ಅತ್ತೆ. ಮತ್ತೆ ಫೋನ್ ಬರ್ಲಿಲ್ಲ ಅಂದ್ರೆ ಸರಿಹೋಗಿದೆ ಅಂದ್ಕೋತೀನಿ."

"ಅದೆಂಥ ಅಂದ್ಕೊಳ್ಳೋದು? ಲೈನು ಕಡಿದುಹೋದ್ರೆ ನಾವು ಮತ್ತೆ ಜೋಡಿಸಿ ಕೇಳ್ತಿದ್ವಿ, ಮಾತು ಮುಗೀತಾ ಅಂತ. ಕಾರ್ಡಲ್ಲಿ ನಂಬರ್ ಇದ್ಯಲ್ಲ?"

"ಇದೆ. ಬರೀ ಕಳೆದ ವರ್ಷದ್ದೇ ಎರಡು ಸಾವಿರ ಕಾರ್ಡಿದೆ. ಬರೋ ಫೋನ್ ಎತ್ತೋದೋ, ಹಳೇದಕ್ಕೆಲ್ಲ ಮಾಡೋದೋ?"

"ನೀನು ಬರೋದನ್ನ ಎತ್ತು," ಎಂದರು ಅತ್ತೆ. "ಹೋಗೋದನ್ನ ನಾನು ನೋಡ್ಕೋತೀನಿ."

ಗಂಡ ಮುದ್ರಣಾಲಯದಿಂದ ಬಂದು ಕೈಯ ಮಸಿ ತೊಳೆಯುತ್ತಾ ಇದನ್ನು ಕೇಳಿಸಿಕೊಂಡ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಇಲ್ಲಿ ಇಬ್ರಿಗೂ ಒಂದೇ ಕಾಲ ಬಂದಂಗಿದೆ. ನನಗೆ ಊಟ ಯಾರು ಹಾಕ್ತೀರಿ?" ಎಂದ.

"ನಿನಗೆ ಕೈಯಿಲ್ವಾ?" ಎಂದರು ಅವನ ತಾಯಿ.

ಸೂಪರಿಂಟೆಂಡೆಂಟು ಒಪ್ಪಿದರು. ಕೇಳಿದ ವಿಷಯ ಹೊರಗೆ ಬಾಯಿಬಿಡುವುದಿಲ್ಲ ಎಂದು ಅತ್ತೆಯಿಂದ ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡರು. "ಮೂವತ್ತನಾಲ್ಕು ವರ್ಷ ಊರಿನವರ ಮಾತೆಲ್ಲ ಈ ಕಿವೀಲಿ ಹೋಗಿದೆ ಸಾರ್. ಬಾಯಿಬಿಟ್ಟಿದ್ರೆ ಅರ್ಧ ಊರು ಇನ್ನರ್ಧ ಊರಿನ ಜೊತೆ ಮಾತಾಡ್ತಿರಲಿಲ್ಲ" ಎನ್ನುತ್ತಲೇ ಅತ್ತೆ ಸಹಿ ಹಾಕಿದರು. ಮಾರನೇ ದಿನದಿಂದ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಊಟದ ಡಬ್ಬಿ ಹಿಡಿದು ಕೋಣೆಗೆ ಬರತೊಡಗಿದರು. ಗುಮಾಸ್ತನ ಕೋಣೆಯ ಫೋನನ್ನು ಉದ್ದದ ತಂತಿ ಹಾಕಿ ಎಳೆದು ತರಲಾಯಿತು. ಮೇಜು ಇಲ್ಲದ್ದರಿಂದ ಬಟ್ಟೆ ವಿಭಾಗದವರು ಇಸ್ತ್ರಿ ಹಲಗೆಯೊಂದನ್ನು ಕೊಟ್ಟರು. ಅದರ ಮೇಲೆ ಅತ್ತೆ ಕಾರ್ಡು ಹರಡಿಕೊಂಡರು.

ಅವರು ಮಾತಾಡುವ ರೀತಿಯನ್ನು ವಿಷಕ್ಕ ಕದ್ದು ಕೇಳುತ್ತಿದ್ದಳು. "ನಮಸ್ಕಾರ. ಹೋದ ವರ್ಷ ನಿಮ್ಮ ಮನೆಯಿಂದ ವಿಷದ ಕೋಣೆಗೆ ಫೋನ್ ಮಾಡಿದ್ರಿ. ಹೆದರ್ಕೋಬೇಡಿ, ನಾನು ಕೇಳೋಕೆ ಮಾಡಿರೋದು. ಮಗು ಹೇಗಿದೆ?" ಹೆಚ್ಚಿನವರು ಮೊದಲು ಗಾಬರಿಯಾಗಿ, ಆಮೇಲೆ ಅಚ್ಚರಿಪಟ್ಟು, ಆಮೇಲೆ ಫೋನ್ ಇಡಲೇ ಒಪ್ಪುತ್ತಿರಲಿಲ್ಲ. ಒಬ್ಬ ತಾಯಿ ಮಗನನ್ನೇ ಕರೆದು, "ಹೇಳು, ಇರುವೆ ಪುಡಿ ತಿಂತೀಯಾ ಇನ್ನೊಂದ್ಸಲ?" ಎಂದು ಫೋನಿನಲ್ಲೇ ಬೈದಳು. ಒಬ್ಬರು ಅಜ್ಜ ತಮ್ಮ ಮಾತ್ರೆಯನ್ನು ಈಗ ಗಡಿಯಾರದೊಳಗೆ ಇಡುತ್ತೇನೆ ಎಂದರು. ಗಡಿಯಾರ ನಿಂತುಹೋಗಿದೆ, ಆದರೆ ಮಾತ್ರೆ ಭದ್ರವಾಗಿದೆ.

ಮನೆಯಲ್ಲೇ ಇರಿ ಎಂದು ವಿಷಕ್ಕನಿಂದ ಹೇಳಿಸಿಕೊಂಡವರು ಹತ್ತರಲ್ಲಿ ಏಳು. ಅವರೆಲ್ಲ ಚೆನ್ನಾಗಿದ್ದರು. ಹನ್ನೊಂದು ಮಂದಿ ಮಾತ್ರ ಆಮೇಲೆ ಹೆದರಿ ಆಸ್ಪತ್ರೆಗೆ ಹೋಗಿ, ಸುಮ್ಮನೆ ವಾಪಸು ಬಂದಿದ್ದರು. ಈ ಕೋಣೆಯೇ ಇಲ್ಲದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಅತ್ತೆ ಪ್ರತಿಯೊಬ್ಬರನ್ನೂ ಕೇಳಿದರು. "ಆಂಬುಲೆನ್ಸ್ ಕರೀತಿದ್ವಿ" ಎಂದವರೇ ಹೆಚ್ಚು. ಆಧಾರ ಎನ್ನುವುದು ಇಸ್ತ್ರಿ ಹಲಗೆಯ ಮೇಲೆ ದಿನದಿನಕ್ಕೆ ಎತ್ತರವಾಗುತ್ತಾ ಹೋಯಿತು.

ಒಂದು ಮಧ್ಯಾಹ್ನ ಅತ್ತೆ ಒಂದು ಕಾರ್ಡನ್ನು ಸುಮ್ಮನೆ ಅವಳ ಮುಂದೆ ಸರಿಸಿದರು. "ಇದನ್ನ ನೀನೇ ಮಾಡು. ನನಗೆ ಧೈರ್ಯ ಇಲ್ಲ."

ಕಾಡಿನ ಅಣಬೆ, ಮೂರು ಜನ ತಿಂದದ್ದು, ಮನೆಯ ಯಜಮಾನರಿಗೆ ವಾಂತಿ. ಅವಳಿಗೆ ಆ ಕರೆ ಚೆನ್ನಾಗಿ ನೆನಪಿತ್ತು. ಮಗ ಮಾತಾಡಿದ್ದ. ನಂಬರು ಒತ್ತಿದಳು. ಅದೇ ಮಗ ಫೋನ್ ತೆಗೆದ.

"ಅಪ್ಪ ನಾಲ್ಕನೇ ದಿನ ಹೋದ್ರು," ಎಂದ ಅವನು. ಅವನೇ ಮುಂದುವರಿಸಿದ: "ಅವತ್ತು ನೀವು ಏನಂದ್ರಿ ನೆನಪಿದ್ಯಾ? ಒಂದೇ ಪಾತ್ರೇಲಿ ತಿಂದೋರೆಲ್ಲ ಹೊರಡಿ, ಚೆನ್ನಾಗಿರೋರೂ ಹೊರಡಿ ಅಂದ್ರಿ. ನಾನು ನಿಮಗೆ ಬೈದಿದ್ದೆ. ಏನೂ ಆಗದೇ ಇರೋರನ್ನ ಯಾಕೆ ಎಳೀತೀರಿ ಅಂತ. ನೀವು ನನ್ನ ಹತ್ರ ಬೈಸ್ಕೊಂಡು, ಹೊರಡೋ ತನಕ ಫೋನ್ ಇಡ್ಲಿಲ್ಲ. ಅಮ್ಮನಿಗೆ, ತಂಗಿಗೆ ಮಾರನೇ ದಿನ ಶುರುವಾಯ್ತು, ಆಸ್ಪತ್ರೆ ಮಂಚದ ಮೇಲೆ. ಇಬ್ರೂ ಉಳ್ಕೊಂಡ್ರು. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸ್ತಿದ್ದಾರೆ. ಕರೀಲಾ?"

"ಬೇಡಪ್ಪ, ಒಣಗಿಸ್ಲಿ," ಎಂದಳು ಅವಳು. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಅತ್ತಳು. ಅತ್ತೆ ಏನೂ ಕೇಳದೆ ಅವಳ ಕಡೆ ಬಂದ ಮುಂದಿನ ಕರೆಯನ್ನು ತಾವೇ ಎತ್ತಿ, "ಒಂದು ನಿಮಿಷ ಇರಿ, ಈಗ ಬರ್ತಾರೆ" ಎಂದರು.

ಎಲ್ಲಕ್ಕಿಂತ ದೊಡ್ಡದು ಎರಡನೇ ತಿಂಗಳಿನಲ್ಲಿ ಗೊತ್ತಾದ ಸಂಗತಿ. ವಿಷಕ್ಕ ಕಾರ್ಡುಗಳನ್ನು ತಾರೀಖಿನ ಪ್ರಕಾರ ಇಟ್ಟಿದ್ದಳು. ಅತ್ತೆಗೆ ಅದು ಒಗ್ಗಲಿಲ್ಲ. ಎಕ್ಸ್‌ಚೇಂಜಿನಲ್ಲಿ ಊರುಗಳನ್ನು ತಂತಿ ಹೋಗುವ ದಾರಿಯ ಪ್ರಕಾರ ನೆನಪಿಡುವುದು ಅವರ ರೂಢಿ. ಹಾಗಾಗಿ ಕರೆ ಮುಗಿದ ಕಾರ್ಡುಗಳನ್ನೆಲ್ಲ ಊರಿನ ಪಕ್ಕ ಊರು ಬರುವಂತೆ ಜೋಡಿಸುತ್ತಾ ಹೋಗಿದ್ದರು. ಬೆಟ್ಟದ ಜಿಲ್ಲೆಯ ಒಂದು ಬಸ್ ರಸ್ತೆಯ ಕಾರ್ಡುಗಳನ್ನು ಜೋಡಿಸುವಾಗ ಅವರ ಕೈ ನಿಂತಿತು.

"ಇಲ್ಲಿ ನೋಡು. ನೆಲ ಒರೆಸೋ ಹಸಿರು ನೀರು. ಮುಂದಿನ ಊರು, ಹಸಿರು ನೀರು. ಅದರ ಮುಂದಿನದು, ಮತ್ತೆ ಅದೇ."

ಎಣಿಸಿದರು. ಒಂದೇ ವರ್ಷದಲ್ಲಿ, ಒಂದೇ ರಸ್ತೆಯಲ್ಲಿ ಹದಿನಾಲ್ಕು. ಹದಿಮೂರು ಸಣ್ಣ ಮಕ್ಕಳು, ಒಬ್ಬ ಗಾರೆ ಕೆಲಸದವನು, ಬಿಸಿಲಲ್ಲಿ ಬಾಯಾರಿ ಕುಡಿದವನು. ಬಾಯಿ, ಗಂಟಲು ಸುಟ್ಟಿದ್ದವು. ಎಲ್ಲರೂ ಗುಣವಾಗಿದ್ದರು, ಆದರೆ ಒಬ್ಬ ಹುಡುಗಿ ಎರಡು ತಿಂಗಳು ಗಟ್ಟಿ ಆಹಾರ ನುಂಗಲಾರದೆ ಇದ್ದಳು. ಒಬ್ಬೊಬ್ಬರೂ ಒಂದೊಂದು ಕಡೆ ತೋರಿಸಿದ್ದರು. ಯಾವ ಡಾಕ್ಟರಿಗೂ ಒಂದೆರಡಕ್ಕಿಂತ ಹೆಚ್ಚು ಕಂಡಿರಲಿಲ್ಲ. ವಿಷಕ್ಕನೇ ಹದಿನಾಲ್ಕೂ ಕರೆ ಎತ್ತಿದ್ದಳು, ಆದರೆ ನಡುನಡುವೆ ನೂರಾರು ಬೇರೆ ಕರೆಗಳು. ಅವಳಿಗೂ ಹೊಳೆದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

"ನಾಚಿಕೆ ಆಮೇಲೆ ಪಡು," ಎಂದರು ಅತ್ತೆ. "ಭಾನುವಾರ ಬಸ್ ಎಷ್ಟು ಗಂಟೆಗೆ ನೋಡು."

ಭಾನುವಾರ ಫೋನಿಗೆ ಔಷಧದ ಕಿಟಕಿಯವರನ್ನು ಕೂರಿಸಿ ಇಬ್ಬರೂ ಹೊರಟರು. ಮೂರು ಗಂಟೆಯ ಪ್ರಯಾಣ. ಆ ನೀರು ಎಲ್ಲಿ ಸಿಗುತ್ತದೆ ಎಂದು ಬಸ್ಸಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಬಸ್ ನಿಲ್ದಾಣದ ಹಿಂದಿನ ಸೋಪಿನ ಅಂಗಡಿ. ಅಂಗಡಿಯವರು ಅರವತ್ತರ ಆಸುಪಾಸಿನ, ತೋಳು ಮಡಚಿದ ಅಂಗಿಯ ಮನುಷ್ಯ. ಹಿಂದುಗಡೆ ದೊಡ್ಡ ಪೀಪಾಯಿಯಲ್ಲಿ ತಾವೇ ಮಾಡಿದ ನೀರು. ಪಕ್ಕದಲ್ಲಿ ತೊಳೆದು ಕವುಚಿಟ್ಟ ಹಳೆಯ ಜ್ಯೂಸ್ ಬಾಟಲಿಗಳು, ಮುನ್ನೂರಕ್ಕೆ ಕಡಿಮೆಯಿಲ್ಲ.

"ಒಂದು ಬಾಟ್ಲಿ ನೆಲ ಒರೆಸೋ ನೀರು ಕೊಡಪ್ಪ," ಎಂದರು ಅತ್ತೆ.

ಅವರು ತುಂಬಿಸಿ ಕೊಟ್ಟರು. ಹಣ್ಣಿನ ಚಿತ್ರ ಇನ್ನೂ ಅಂಟಿಕೊಂಡಿದ್ದ ಬಾಟಲಿ, ಒಳಗೆ ತಿಳಿ ಹಸಿರು. ಅತ್ತೆ ಅದನ್ನು ಬೆಳಕಿಗೆ ಹಿಡಿದರು.

"ಇದನ್ನ ನೋಡಿದ್ರೆ ನಿನಗೇನನ್ಸುತ್ತೆ?"

"ನೆಲ ಒರೆಸೋ ನೀರು ಅನ್ಸುತ್ತೆ. ಯಾಕಮ್ಮ?"

"ನನಗೆ ಬಾಯಾರಿಕೆ ಆಗುತ್ತೆ."

ಅವರಿಗೆ ಅರ್ಥವಾಗಲಿಲ್ಲ. ಆಗ ವಿಷಕ್ಕ ತಾನು ಯಾರೆಂದು ಹೇಳಿ, ಊರು ಮತ್ತು ವಯಸ್ಸು ಮಾತ್ರ ಬರೆದುಕೊಂಡಿದ್ದ ಪಟ್ಟಿಯನ್ನು ಮುಂದಿಟ್ಟಳು. ಅವರು ಬೆರಳಿಟ್ಟು ಓದುತ್ತಾ ಬಂದರು. ಐದನೆಯದಕ್ಕೆ ಬಂದಾಗ ಬೆರಳು ನಿಂತಿತು. "ಇದು ನಮ್ಮ ಪೋಸ್ಟ್‌ಮ್ಯಾನ್ ಮಗಳಿರಬೇಕು. ಗಂಟಲು ಸರಿಯಿಲ್ಲ ಅಂತಿದ್ದ. ನನ್ನ ನೀರು ಅನ್ಲಿಲ್ಲ." ಅವರು ಹಿಂದಕ್ಕೆ ಸರಿದು ಸೋಪಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. "ಇಪ್ಪತ್ತು ವರ್ಷದಿಂದ ಮಾರ್ತಿದ್ದೀನಿ. ಯಾರೂ ಬಂದು ಹೇಳ್ಲಿಲ್ಲವಲ್ಲ."

"ಯಾರಿಗೂ ಗೊತ್ತಿರಲಿಲ್ಲ ಅಣ್ಣ," ಎಂದಳು ವಿಷಕ್ಕ. "ಒಂದೊಂದು ಮನೆಗೆ ಒಂದೊಂದೇ ಗೊತ್ತು. ನನಗೂ ಮೊನ್ನೆ ತನಕ ಗೊತ್ತಿರಲಿಲ್ಲ."

ಅವರು ಬೈಯಬಹುದೆಂದು ಅವಳು ಸಿದ್ಧಳಾಗಿದ್ದಳು. ಅವರು ಕೇಳಿದ್ದು ಒಂದೇ: "ಈಗ ಏನ್ ಮಾಡ್ಲಿ?"

ಮೂವರೂ ಅಲ್ಲೇ ಕೂತು ಯೋಚಿಸಿದರು. ಬಣ್ಣ ಹಾಕದೇ ಇರಲಾ ಎಂದರು ಅಂಗಡಿಯವರು. ಅದು ಇನ್ನೂ ಕೆಟ್ಟದ್ದು, ಬರೀ ನೀರಿನ ಹಾಗೇ ಕಾಣುತ್ತದೆ ಎಂದಳು ವಿಷಕ್ಕ. ಒಳಗಿನದು ಕಾಣದ ಬಿಳಿ ಕ್ಯಾನು, ಒತ್ತಿ ತಿರುಗಿಸಿದರೆ ಮಾತ್ರ ಬಿಚ್ಚುವ ಮುಚ್ಚಳ, ಇದು ಸರಿ. ಆದರೆ ಅದರ ಬೆಲೆಗೆ ಜನ ಕೊಳ್ಳುವುದಿಲ್ಲ. "ಕ್ಯಾನಿಗೆ ಮುಂಗಡ ಇಸ್ಕೋ, ವಾಪಸ್ ತಂದ್ರೆ ಕೊಟ್ಬಿಡು," ಎಂದರು ಅತ್ತೆ. "ಬಾಟ್ಲಿ ತರೋ ಜನ ಕ್ಯಾನೂ ತರ್ತಾರೆ." ಕ್ಯಾನಿನ ಮೇಲೆ ಅಂಟಿಸುವ ಕೆಂಪು ಚೀಟಿಯ ಜವಾಬ್ದಾರಿ ಮನೆಯಲ್ಲಿದ್ದ ಮುದ್ರಣಾಲಯದವನ ತಲೆಗೆ ಬಂತು. ಕುಡಿಯಬಾರದು ಎಂದು ದೊಡ್ಡದಾಗಿ, ಕೆಳಗೆ ಕೋಣೆಯ ನಂಬರು. ಅವನು ಉಳಿದ ಕಾಗದದಲ್ಲಿ ಎರಡು ಸಾವಿರ ಅಚ್ಚು ಹಾಕಿಸಿ ಕಳಿಸಿದ. ಆ ರಸ್ತೆಯಿಂದ ಆಮೇಲೆ ಹಸಿರು ನೀರಿನ ಕರೆ ಒಂದು ಬಂತು, ಹಳೆಯ ಬಾಟಲಿಯದು. ಅದೇ ಕೊನೆ.

ಸಭೆಯ ದಿನ ವಿಷಕ್ಕ ಎರಡು ಷೂ ಡಬ್ಬಿ ಹೊತ್ತು ಹೋದಳು. ಉದ್ದದ ಮೇಜು, ಮೇಲೆ ನೀರಿನ ಲೋಟಗಳು. ಅವಳ ಕಡೆ ಸೂಪರಿಂಟೆಂಡೆಂಟು. ಎದುರಿಗೆ ಬೆಟ್ಟದ ಜಿಲ್ಲೆಯ ದೊಡ್ಡ ಡಾಕ್ಟರು, ದಪ್ಪ ಮೀಸೆ, ದೊಡ್ಡ ದನಿ. ತುದಿಯಲ್ಲಿ ಬಂದರಿನ ಜಿಲ್ಲೆಯ ಹಣಕಾಸಿನ ಅಧಿಕಾರಿ, ಸಣಕಲು ಹೆಂಗಸು. ಚೂಪಾದ ಪೆನ್ಸಿಲು ಹಿಡಿದು ಕೂತಿದ್ದರು, ಮಾತು ಕಡಿಮೆ.

ಡಾಕ್ಟರು ಶುರುವಿಗೇ ಅಡ್ಡ ಹಾಕಿದರು. "ನೋಡಮ್ಮ, ನಾನು ಮೂವತ್ತು ವರ್ಷದಿಂದ ರೋಗಿ ಮುಟ್ಟಿ ವೈದ್ಯ ಮಾಡ್ತಿದ್ದೀನಿ. ಫೋನಲ್ಲಿ ಮದ್ದು ಹೇಳೋದಕ್ಕೆ ನಾವು ಹಣ ಕೊಡ್ಬೇಕಾ?"

ಅವಳು ತಯಾರಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಡಬ್ಬಿಯಿಂದ ಒಂದು ಕಟ್ಟು ತೆಗೆದು, ಹೆಸರು ಬಿಟ್ಟು, ಒಂದೊಂದೇ ಓದತೊಡಗಿದಳು. ಊರು, ವಯಸ್ಸು, ಏನು ಕುಡಿದದ್ದು, ಎಲ್ಲಿ ತೋರಿಸಿದ್ದು. ಮೂರನೆಯದಕ್ಕೆ ಡಾಕ್ಟರು ಲೋಟ ಕೆಳಗಿಟ್ಟರು. ಏಳನೆಯದಕ್ಕೆ, "ತಡೀರಿ. ಈ ಮಗುನ ನಾನೇ ನೋಡಿದ್ದು" ಎಂದರು. ಹನ್ನೊಂದನೆಯದಕ್ಕೆ, "ಇದೂ ನನ್ನದೇ." ಹದಿನಾಲ್ಕೂ ಮುಗಿದಾಗ ಅವರ ದನಿ ಇಳಿದಿತ್ತು.

"ನನ್ನ ಹತ್ರ ಬಂದಿದ್ದು ಎರಡು. ಎರಡು ಅಂದ್ರೆ ಏನು, ಮನೆಯವರ ಅಜಾಗರೂಕತೆ ಅಂತ ಬೈದು ಕಳಿಸಿದೆ. ಹದಿನಾಲ್ಕಾ?"

"ನಿಮ್ಮ ಹತ್ರ ಎರಡು, ಬೇರೆಯೋರ ಹತ್ರ ಒಂದೊಂದು ಸಾರ್. ಎಲ್ಲಾ ಒಟ್ಟಿಗೆ ಬಂದು ಸೇರೋ ಜಾಗ ಈ ಷೂ ಡಬ್ಬಿ ಮಾತ್ರ. ಅದನ್ನೂ ಕಂಡುಹಿಡಿದಿದ್ದು ನಾನಲ್ಲ, ನಮ್ಮತ್ತೆ." ಸೋಪಿನ ಅಂಗಡಿಯ ಕತೆಯನ್ನೂ ಅವಳು ಹೇಳಿದಳು. ಬಾಯಾರಿಕೆಯ ಮಾತಿಗೆ ಡಾಕ್ಟರು ಮೀಸೆಯಡಿಯಲ್ಲಿ ನಕ್ಕರು.

ಅಲ್ಲಿಗೆ ಕೆಲಸ ಆಯಿತೆಂದುಕೊಂಡರೆ, ಆಗ ಶುರುವಾಯಿತು ನಿಜವಾದ ಜಗಳ. ಕೇಂದ್ರ ಬೇಕು ಎಂದು ಎಲ್ಲರೂ ಒಪ್ಪಿದರು. ಎಲ್ಲಿ? ಹೆಚ್ಚು ಕರೆ ನಮ್ಮದು, ಬೆಟ್ಟದಲ್ಲೇ ಇರಲಿ ಎಂದರು ಡಾಕ್ಟರು. ನಮ್ಮ ಆಸ್ಪತ್ರೆ ದೊಡ್ಡದು ಎಂದರು ಸೂಪರಿಂಟೆಂಡೆಂಟು. ಬಂದರಿಗೆ ಹಡಗಿನ ರಾಸಾಯನಿಕ ಬರುತ್ತದೆ, ನಮಗೇ ಹೆಚ್ಚು ಅಗತ್ಯ ಎಂದರು ಬಂದರಿನ ಜಿಲ್ಲೆಯ ಇನ್ನೊಬ್ಬ ಸದಸ್ಯರು. ಎತ್ತು ಏರಿಗೆ, ಕೋಣ ನೀರಿಗೆ. ಬೋರ್ಡಿನ ಮೇಲೆ ಯಾವ ಜಿಲ್ಲೆಯ ಹೆಸರು ಮೊದಲು, ಉದ್ಘಾಟನೆಗೆ ಯಾರನ್ನು ಕರೆಯಬೇಕು ಎನ್ನುವವರೆಗೂ ಮಾತು ಹೋಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ವಿಷಕ್ಕ ಸ್ವಲ್ಪ ಹೊತ್ತು ಕೇಳಿ, "ಒಂದು ಮಾತು" ಎಂದಳು. "ನಮ್ಮತ್ತೆ ಮೂವತ್ತನಾಲ್ಕು ವರ್ಷ ಎಕ್ಸ್‌ಚೇಂಜಲ್ಲಿದ್ರು. ಒಬ್ಬರಾದ್ರೂ ನೀವು ಯಾವ ಬೀದೀಲಿ ಕೂತು ಮಾತಾಡ್ತಿದ್ದೀರಿ ಅಂತ ಅವರನ್ನ ಕೇಳಿಲ್ವಂತೆ. ಮಗು ಬಾಯಲ್ಲಿ ನೊರೆ ಬರ್ತಿರೋ ತಾಯಿಗೆ ಬೋರ್ಡ್ ಕಾಣಲ್ಲ. ನಂಬರ್ ಒಂದೇ ಇರಲಿ, ಎತ್ತೋ ಕೈ ಮೂರೂ ಜಿಲ್ಲೇದು ಇರಲಿ. ಒಂದೊಂದು ಜಿಲ್ಲೆಯಿಂದ ಒಬ್ಬೊಬ್ಬರನ್ನ ಕಳಿಸಿ, ನಾನು ಕಲಿಸ್ತೀನಿ. ಕೋಣೆಗೆ ಯಾರ ಹೆಸರೂ ಬೇಡ."

ಸಣಕಲು ಅಧಿಕಾರಿ ಆಗ ಮೊದಲ ಸಲ ಬಾಯಿಬಿಟ್ಟರು. ಮನೆಯಲ್ಲೇ ಉಳಿದವರು ಎಷ್ಟು, ಅದು ಯಾರು ವಿಚಾರಿಸಿದ್ದು, ಹೇಗೆ ನಂಬುವುದು ಎಂದು ಒಂದರ ಹಿಂದೆ ಒಂದು ಕೇಳಿದರು. ಅವಳು ಹೇಳಿದಳು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಅಧಿಕಾರಿ ಎರಡನೇ ಡಬ್ಬಿಯಿಂದ ತಾವೇ ಕಣ್ಣುಮುಚ್ಚಿ ಐದು ಕಾರ್ಡು ಎಳೆದು, ಪಕ್ಕದ ಕೋಣೆಗೆ ಹೋಗಿ, ಐದೂ ಮನೆಗೆ ಫೋನ್ ಮಾಡಿದರು. ಇಪ್ಪತ್ತು ನಿಮಿಷ ಎಲ್ಲರೂ ಟೀ ಕುಡಿಯುತ್ತಾ ಕಾದರು. ವಿಷಕ್ಕ ಉಳಿದ ಕಾರ್ಡುಗಳನ್ನು ಮತ್ತೆ ಡಬ್ಬಿಗೆ ಜೋಡಿಸಿದಳು.

ಅವರು ವಾಪಸು ಬಂದು ಕಾರ್ಡುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟರು. "ಕಾರ್ಡಲ್ಲಿರೋದೇ ಹೇಳಿದ್ರು. ಒಬ್ಬರು ನನ್ನನ್ನ ಬೇಗ ಬಿಡ್ಲೇ ಇಲ್ಲ, ಮಗು ಹಾಡು ಹೇಳುತ್ತೆ ಕೇಳಿ ಅಂದ್ರು." ಅವರ ಮುಖದಲ್ಲಿ ಒಂದು ಗೆರೆ ಸಡಿಲವಾಗಿತ್ತು. "ಜನಸಂಖ್ಯೆ ನೋಡಿ ಹಂಚಿಕೊಳ್ಳೋಣ. ಮೂರು ವರ್ಷಕ್ಕೆ. ಆಮೇಲೆ ಮತ್ತೆ ನೋಡೋಣ. ಆಂಬುಲೆನ್ಸ್ ಸುಮ್ನೆ ಓಡೋದು ತಪ್ಪಿದ್ರೆ ಇದರ ಖರ್ಚು ಅದರಲ್ಲೇ ಹೊರಡುತ್ತೆ."

ಕೇಳಿದ್ದೆಲ್ಲ ಸಿಗಲಿಲ್ಲ. ಎರಡನೇ ಫೋನ್ ಲೈನು ಮುಂದಿನ ವರ್ಷಕ್ಕೆ ಹೋಯಿತು. ಅತ್ತೆಗೆ ಹುದ್ದೆ ಕೊಡಲು ವಯಸ್ಸು ಮೀರಿದೆ ಎಂದರು. "ಕೊಟ್ಟಿದ್ರೂ ಒಪ್ತಿರಲಿಲ್ಲ, ಮತ್ತೆ ಹಾಜರಿ ಪುಸ್ತಕಕ್ಕೆ ಸಹಿ ಹಾಕೋದು ಯಾರು?" ಎಂದು ಅತ್ತೆ ಮನೆಯಲ್ಲಿ ಹೇಳಿದರು. ಆದರೂ ವಾರಕ್ಕೆ ಎರಡು ದಿನ ಹೋಗಿ ವಿಚಾರಿಸುವ ಕರೆಗಳನ್ನು ಮಾಡುವುದು ನಿಲ್ಲಿಸಲಿಲ್ಲ. ಬಸ್ ಖರ್ಚು ಕೊಡುತ್ತೇವೆ ಎಂದು ಸಮಿತಿಯವರು ಬರೆದು ಕಳಿಸಿದಾಗ ಆ ಕಾಗದವನ್ನು ನಾಲ್ಕು ಸಲ ಓದಿದರು.

ಬೆಟ್ಟದಿಂದ ಒಬ್ಬಳು ನರ್ಸ್ ಬಂದಳು, ಬಂದರಿನಿಂದ ಪ್ರಯೋಗಾಲಯದಲ್ಲಿ ಹತ್ತು ವರ್ಷ ಇದ್ದ ಒಬ್ಬಾತ. ನರ್ಸ್ ಕಡ್ಡಿ ಮುರಿದಂತೆ ಮಾತಾಡುವವಳು. ಆತನೋ ಪ್ರತಿ ಉತ್ತರಕ್ಕೂ ಮೂರು ಪುಸ್ತಕ ತೆರೆಯುವವನು. ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ವಿಷಕ್ಕ ನಾಲ್ಕು ತಿಂಗಳು ಕಲಿಸಿದಳು. ಮೊದಲು ಆ ಕಡೆಯವರ ಉಸಿರು ಕೇಳಿ, ಆಮೇಲೆ ಮಾತು ಕೇಳಿ ಎಂದಳು. ರಾತ್ರಿಯ ಸರದಿ ಮೂವರಿಗೆ ಹಂಚಿಹೋಯಿತು. ಅವಳ ಮನೆಯ ಫೋನಿಗೆ ಈಗ ನೆಂಟರ ಕರೆಗಳಷ್ಟೇ ಬರುತ್ತಿದ್ದವು.

ಆ ವರ್ಷ ಅವಳು ಹತ್ತು ದಿನ ರಜೆ ಹಾಕಿ ಗಂಡ, ಮಗಳ ಜೊತೆ ತಂಗಿಯ ಮನೆಗೆ ಹೋದಳು. ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದಳು. ಮೂರನೇ ದಿನ ಬೆಳಿಗ್ಗೆ ತಡೆಯಲಾರದೆ ಕೋಣೆಗೆ ಫೋನ್ ಮಾಡಿದಳು. ಬೆಟ್ಟದ ನರ್ಸ್ ಎತ್ತಿದಳು.

"ನಾನು ಕಣಮ್ಮ. ಎಲ್ಲಾ ಸರಿ ಇದ್ಯಾ ಅಂತ..."

"ಸರಿ ಇದೆ ಅಕ್ಕ. ನಿಮಗೆ ಏನಾದ್ರೂ ಆಗಿದ್ಯಾ?"

"ಇಲ್ಲ, ಸುಮ್ನೆ."

"ಸುಮ್ನೆ ಮಾತಾಡೋಕೆ ಇರೋ ಲೈನಲ್ಲ ಇದು. ಯಾರಾದ್ರೂ ಮಾಡ್ತಿದ್ರೆ? ಇಡಿ ಅಕ್ಕ," ಎಂದು ನರ್ಸ್ ಇಟ್ಟೇಬಿಟ್ಟಳು.

ವಿಷಕ್ಕ ಕೈಯಲ್ಲಿದ್ದ ಫೋನನ್ನು ನೋಡಿ ಒಬ್ಬಳೇ ನಕ್ಕಳು. ಹೊರಗಿನಿಂದ ತಂಗಿ, "ಏನಂತೆ?" ಎಂದು ಕೂಗಿದಳು. "ಬೈಸ್ಕೊಂಡೆ," ಎನ್ನುತ್ತಾ ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ತಂಗಿಯ ಪಕ್ಕ ಕೂತು ಬಟಾಣಿ ಸುಲಿಯತೊಡಗಿದಳು.